ಹುಲ್ಲಿಲ್ಲದ ಸೀಮೆಯಲ್ಲಿ ಬಯಲು ಕೋಳಿ: ನನ್ನ ಅನುಭವ

ಕುಷ್ಟಗಿ ತಾಲ್ಲೂಕಿನ ನಮ್ಮ ಮಸಾರಿ ಹೊಲದಲ್ಲಿ ಹುಲ್ಲು ಹಸಿರಾಗಿರುವುದು ವರ್ಷಕ್ಕೆ ನಾಲ್ಕೇ ತಿಂಗಳು. ಮಿಕ್ಕ ಕಾಲವೆಲ್ಲ ಕೆಂಪು ಮಣ್ಣು, ಒಣಗಿದ ಕರಿಕೆ, ಬದುವಿನ ಮೇಲಿನ ಬೇವು, ಹಳ್ಳದ ದಂಡೆಯ ಬಳ್ಳಾರಿ ಜಾಲಿ. ಕೊಪ್ಪಳ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ಬಂದರೆ ಬಂತು. ಇಂಥಲ್ಲಿ ಕೋಳಿಯನ್ನು ಶೆಡ್ಡಿನಿಂದ ಹೊರತಂದು ಬಯಲಿನಲ್ಲಿ ಮೇಯಿಸುತ್ತೇನೆ ಎಂದರೆ, ಏನನ್ನು ಮೇಯಿಸುತ್ತೀರಿ ಎಂದು ಕೇಳುವವರೇ ಹೆಚ್ಚು. ಕೇಳಬೇಕಾದ ಪ್ರಶ್ನೆಯೇ ಅದು. ಅಮೆರಿಕದ ವರ್ಜೀನಿಯಾದಂಥ ಹಸಿರು ನಾಡಿನಲ್ಲಿ ತಳವಿಲ್ಲದ ಗೂಡನ್ನು ಹುಲ್ಲುಗಾವಲಿನ ಮೇಲೆ ದಿನಕ್ಕೊಮ್ಮೆ ಮುಂದಕ್ಕೆ ಎಳೆಯುತ್ತ ಕೋಳಿ ಸಾಕುತ್ತಾರೆ. ಆ ಕ್ರಮವನ್ನು ಎತ್ತಿ ತಂದು ಇಲ್ಲಿಟ್ಟರೆ ಏಪ್ರಿಲ್ ಮುಗಿಯುವುದರೊಳಗೆ ಗೂಡು ಖಾಲಿಯಾಗುತ್ತದೆ. ನಮ್ಮ ಕಡೆ ಬಯಲು ಕೋಳಿ ಬದುಕುವುದು ನೆರಳಿನ ಹಿಂದೆ, ಕುಂಟೆಯ ಹಿಂದೆ, ಕುರಿ ಮಂದೆಯ ಹಿಂದೆ, ಸುಗ್ಗಿಯ ಹೊಲದಲ್ಲಿ ಉದುರಿ ಉಳಿದ ಕಾಳಿನ, ಅಂದರೆ ಹಕ್ಕಲಿನ ಹಿಂದೆ. ಅದನ್ನು ಕಂಡುಕೊಂಡ ಮೇಲೆಯೇ ನನ್ನ ಕೆಲಸ ಒಂದು ದಾರಿಗೆ ಬಂತು.

ಇದಕ್ಕೂ ಮೊದಲು ನಮ್ಮ ಮನೆಯದು ಗುತ್ತಿಗೆ ಸಾಕಣೆ. ಕಂಪನಿಯವರು ಮರಿ, ಆಹಾರ, ಔಷಧಿ ತಂದು ಇಳಿಸುತ್ತಾರೆ. ಶೆಡ್, ನೀರು, ವಿದ್ಯುತ್, ದುಡಿಮೆ ನಮ್ಮದು. ಆರು ವಾರಕ್ಕೆ ಎರಡು ಕಿಲೋ ದಾಟುವ ಬ್ರಾಯ್ಲರ್ ಹಕ್ಕಿಗಳನ್ನು ತೂಗಿ ಒಯ್ದು, ಕಿಲೋಗೆ ಇಷ್ಟೆಂದು ಸಾಕಿದ ಕೂಲಿ ಕೊಡುತ್ತಾರೆ. ಈ ಪದ್ಧತಿಯಲ್ಲಿ ಮಕ್ಕಳನ್ನು ಓದಿಸಿದ ಮನೆಗಳನ್ನು ನಾನು ಬಲ್ಲೆ. ಅವರ ಬಗ್ಗೆ ಹಗುರವಾಗಿ ಮಾತನಾಡುವುದಿಲ್ಲ. ಆದರೆ ಹಕ್ಕಿಯೊಂದಕ್ಕೆ ಒಂದು ಚದರ ಅಡಿ ಜಾಗ. ಅಷ್ಟರಲ್ಲಿ ತನ್ನ ತೂಕ ತಾನೇ ಹೊರಲಾರದೆ ಕುಳಿತ ಹಕ್ಕಿ ಬೇಸಿಗೆಯ ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುವುದನ್ನು ನೋಡುವುದು ನನಗೆ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಾ ಹೋಯಿತು. ಚೀಲದಲ್ಲಿ ಬರುವ ಆಹಾರದಲ್ಲಿ ಏನೇನು ಬೆರೆತಿದೆ ಎಂಬುದೂ ನಮಗೆ ತಿಳಿಯುತ್ತಿರಲಿಲ್ಲ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಾಗ ವೈದ್ಯರು ಕೊನೆಯದಾಗಿ ಕೈಗೆತ್ತಿಕೊಳ್ಳುವ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಕೋಳಿ ಬೇಗ ಬಲಿಯಲೆಂದು ಆಹಾರಕ್ಕೆ ಬೆರೆಸುವ ರೂಢಿ ದೇಶದಲ್ಲಿತ್ತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ನಿಷೇಧಿಸಿತು. ಪಂಜರದ ಮೊಟ್ಟೆಕೋಳಿಯ ಪಾಡು ಇನ್ನೂ ಇಕ್ಕಟ್ಟಿನದು. ಒಂದಕ್ಕೆ ಸಿಗುವ ನೆಲ ಸುಮಾರು 450 ಚದರ ಸೆಂಟಿಮೀಟರ್, ಅಂದರೆ ಜೆರಾಕ್ಸ್ ಅಂಗಡಿಯ ಎ4 ಹಾಳೆಯ ಮುಕ್ಕಾಲು ಭಾಗಕ್ಕೂ ತುಸು ಕಡಿಮೆ. ರೆಕ್ಕೆ ಬಿಚ್ಚಲು ಜಾಗವಿಲ್ಲ, ಮಣ್ಣು ಕೆದಕಲು ನೆಲವಿಲ್ಲ. ಭಾರತದ ಕಾನೂನು ಆಯೋಗ 2017ರ ತನ್ನ 269ನೇ ವರದಿಯನ್ನು ಪೂರ್ತಿಯಾಗಿ ಕೋಳಿಗಳ ವಸತಿ ಮತ್ತು ಸಾಗಣೆಗೇ ಮೀಸಲಿಟ್ಟಿತ್ತು ಎಂಬುದನ್ನು ತಿಳಿದಾಗ, ಈ ಸಂಕಟ ನನ್ನೊಬ್ಬಳದೇ ಅಲ್ಲ ಎನ್ನಿಸಿತು. ಗುತ್ತಿಗೆ ಮುಗಿದ ವರ್ಷ ಅದನ್ನು ನವೀಕರಿಸಲಿಲ್ಲ.

ಬಯಲಿಗೆ ಇಳಿಯುವ ಮುಂಚೆ ಅತ್ತೆ ಒಂದೇ ಮಾತು ಹೇಳಿದರು: "ಮೊದಲು ನೆರಳು ನೋಡವ್ವಾ, ಕೋಳಿ ಆಮೇಲೆ ನೋಡಿದರಾಯಿತು." ಅವರ ಕಾಲದ ಜವಾರಿ ಕೋಳಿಗಳು ಬೇಸಿಗೆಯ ಹಗಲೆಲ್ಲ ಬಣವೆಯ ಬುಡದಲ್ಲಿ, ಬಂಡಿಯ ಕೆಳಗೆ, ಬೇಲಿಯ ಸಂದಿಯಲ್ಲಿ ಕಳೆದು, ಬೆಳಗಿನ ಜಾವ ಮತ್ತು ಇಳಿಹೊತ್ತಿನಲ್ಲಿ ಮಾತ್ರ ಹೊರಬರುತ್ತಿದ್ದವು. ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಸೆಕೆಯಲ್ಲಿ ಮೈಯ ಬಿಸಿಯನ್ನು ಅದು ಮುಖ್ಯವಾಗಿ ಏದುಸಿರಿನ ಮೂಲಕ ಹೊರಹಾಕಬೇಕು. ಗಾಳಿಯ ಉಷ್ಣತೆ 35 ಡಿಗ್ರಿ ದಾಟಿದರೆ ಅದಕ್ಕೆ ತೀರಾ ಸಂಕಟ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ವಿಶೇಷವೇನಲ್ಲ. ಏದುಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ, ಮೊಟ್ಟೆಯ ಚಿಪ್ಪು ಕಟ್ಟಲು ಬೇಕಾದ ಕಾರ್ಬೋನೇಟು ರಕ್ತದಲ್ಲಿ ಕಡಿಮೆಯಾಗುತ್ತದೆ. ಬೇಸಿಗೆಯ ಮೊಟ್ಟೆ ಬೆರಳು ತಗುಲಿದರೆ ಬಿರುಕು ಬಿಡುವುದು ಇದರಿಂದಲೇ. ಸುಣ್ಣಕಲ್ಲಿನ ಪುಡಿ, ಕಪ್ಪೆಚಿಪ್ಪಿನ ಪುಡಿ ಎಷ್ಟೇ ಹಾಕಿದರೂ ನೆರಳಿಲ್ಲದ ಕೋಳಿಯ ಮೊಟ್ಟೆ ಗಟ್ಟಿಯಾಗುವುದಿಲ್ಲ.

ಹಾಗಾಗಿ ನಾನು ಮೊದಲು ದುಡ್ಡು ಹಾಕಿದ್ದು ನೆರಳಿಗೆ. ಬದುವಿನಲ್ಲಿ ಬೇವು, ಹೊಂಗೆ ಮೊದಲೇ ಇದ್ದವು. ಅವುಗಳ ನಡುವೆ ಬೇಗ ಬೆಳೆಯುವ ನುಗ್ಗೆ ಮತ್ತು ಚೊಗಚೆ ನೆಟ್ಟೆ. ಎರಡರ ಸೊಪ್ಪೂ ಕೋಳಿಗೆ ಮೇವು. ಮರ ಮೇಲೇಳುವವರೆಗೆ ಕಂಬ ನೆಟ್ಟು ಜೋಳದ ಕಣಿಕೆಯ ಚಪ್ಪರ ಹಾಕಿದೆ. ತಗಡಿಗಿಂತ ಕಣಿಕೆ ಎಷ್ಟೋ ತಂಪು. ನೀರಿಗೆ ಅಗಲ ಬಾಯಿಯ ಮಣ್ಣಿನ ಬಾನಿಗಳನ್ನು ಅರ್ಧ ನೆಲದಲ್ಲಿ ಹೂತು, ನೆರಳು ಹೇಗೆ ತಿರುಗುತ್ತದೆ ಎಂದು ನೋಡಿಕೊಂಡು ಬೇರೆ ಬೇರೆ ಕಡೆ ಇಟ್ಟೆ. ಬಿಸಿಯಾದ ನೀರನ್ನು ಕೋಳಿ ಕುಡಿಯುವುದಿಲ್ಲ, ಕುಡಿಯದ ಕೋಳಿ ತಿನ್ನುವುದಿಲ್ಲ. ಕಾಳು ಹಾಕುವುದು ಸೂರ್ಯ ಏರುವ ಮೊದಲು ಮತ್ತು ಬಿಸಿಲು ಇಳಿದ ಮೇಲೆ. ತಿಂದದ್ದು ಅರಗುವಾಗಲೂ ಮೈ ಕಾಯುವುದರಿಂದ ಹನ್ನೊಂದರಿಂದ ನಾಲ್ಕರವರೆಗೆ ಹೊಟ್ಟೆ ಹಗುರವಾಗಿರುವುದೇ ಒಳ್ಳೆಯದು. ತೀರಾ ಝಳದ ದಿನ ಬೆಲ್ಲ, ಚಿಟಿಕೆ ಉಪ್ಪು, ನಿಂಬೆರಸ ಬೆರೆಸಿದ ನೀರು ಕೊಡುತ್ತೇನೆ. ಕುತ್ತಿಗೆಯಲ್ಲಿ ಪುಕ್ಕವಿಲ್ಲದ ಕೋಳಿಗಳನ್ನು ನೋಡಿ ಕೆಲವರು ಮುಖ ತಿರುಗಿಸುತ್ತಾರೆ. ಬಿಸಿಲು ತಡೆಯುವುದರಲ್ಲಿ ಅವೇ ಮುಂದು.

ಇನ್ನು ಗೂಡು. ಗಾಲಿ ಇರುವ ಗೂಡು ಎಂದಾಗ ಊರಿನವರಿಗೆ ಹೊಸದೆನ್ನಿಸಿತು. ಆದರೆ ಅದರ ಹಿಂದಿನ ಲೆಕ್ಕ ನಮ್ಮ ಹೊಲಗಳಿಗೆ ತೀರಾ ಹಳೆಯದು. ಬೇಸಿಗೆಯಲ್ಲಿ ಕುರಿಗಾರರನ್ನು ಕರೆದು, ಕಾಳೋ ದುಡ್ಡೋ ಕೊಟ್ಟು, ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸುತ್ತೇವಲ್ಲವೇ? ಒಂದೆರಡು ರಾತ್ರಿಗೊಮ್ಮೆ ಮಂದೆಯ ಜಾಗ ಬದಲಿಸುತ್ತೇವೆ. ಹಿಕ್ಕೆ, ಗಂಜಲ ಹೊಲದ ತುಂಬ ಸಮನಾಗಿ ಬೀಳುತ್ತದೆ. ನನ್ನ ಗೂಡೂ ಅದನ್ನೇ ಮಾಡುತ್ತದೆ. ಕಬ್ಬಿಣದ ಚೌಕಟ್ಟು, ಸುತ್ತ ಜಾಲರಿ, ಒಳಗೆ ಕೂರಲು ಅಡ್ಡ ಕೊಳವೆಗಳು, ಮೇಲೆ ಸುಣ್ಣ ಬಳಿದ ತಗಡು, ಅದರ ಮೇಲೆ ಕಣಿಕೆ, ಕೆಳಗೆ ಹಳೆಯ ಗಾಡಿಯ ಗಾಲಿಗಳು. ರಾತ್ರಿ ತಂಗಲು ಹಕ್ಕಿಯೊಂದಕ್ಕೆ ಒಂದೂವರೆ ಚದರ ಅಡಿ ಸಾಕು, ಏಕೆಂದರೆ ಹಗಲೆಲ್ಲ ಅವು ಹೊರಗೇ ಇರುತ್ತವೆ. ಕಟ್ಟಿಗೆಯ ಬದಲು ಕಬ್ಬಿಣ ಬಳಸಿದ್ದಕ್ಕೆ ಕಾರಣ ಉಣ್ಣಿ. ಒಣ ಸೀಮೆಯ ಕೋಳಿ ಉಣ್ಣಿ ಹಗಲು ಕಟ್ಟಿಗೆಯ ಸೀಳುಗಳಲ್ಲಿ ಅಡಗಿದ್ದು, ರಾತ್ರಿ ಹೊರಬಂದು ರಕ್ತ ಹೀರಿ ಮತ್ತೆ ಸೀಳು ಸೇರುತ್ತದೆ. ಹಗಲಿನಲ್ಲಿ ಕೋಳಿಯ ಮೈ ಹುಡುಕಿದರೆ ಏನೂ ಸಿಗುವುದಿಲ್ಲ. ಕೋಳಿ ಮಾತ್ರ ಬಿಳಿಚಿಕೊಳ್ಳುತ್ತಾ ಹೋಗುತ್ತದೆ. ಕಬ್ಬಿಣದಲ್ಲಿ ಸೀಳಿಲ್ಲ, ಬೇಕೆಂದಾಗ ಬೆಂಕಿಯ ಉರಿ ಆಡಿಸಿ ಸುಡಬಹುದು. ಹೇನಿಗೆ ಬೂದಿ, ಮರಳು, ಬೇವಿನ ಎಲೆಯ ಪುಡಿ ಬೆರೆಸಿದ ಗುಂಡಿಯೊಂದು ನೆರಳಿನಲ್ಲಿರುತ್ತದೆ. ಮಧ್ಯಾಹ್ನ ಅದರಲ್ಲಿ ಹೊರಳಾಡಿ, ಮೈ ಕೊಡವಿ ಎದ್ದು ನಿಲ್ಲುವ ಕೋಳಿಯನ್ನು ನೋಡುವುದೇ ಒಂದು ಸಂತೋಷ. ಪಂಜರದ ಕೋಳಿಗೆ ಜನ್ಮವಿಡೀ ಸಿಗದ ಸುಖ ಅದು.

ಒಂದು ಜಾಗದಲ್ಲಿ ಗೂಡು ಒಂದು ವಾರಕ್ಕಿಂತ ಹೆಚ್ಚು ನಿಲ್ಲದಂತೆ ನೋಡಿಕೊಳ್ಳುತ್ತೇನೆ. ಕೋಳಿ ಹಿಕ್ಕೆ ಬಿಸಿ ಗೊಬ್ಬರ, ಅದರಲ್ಲಿ ಸಾರಜನಕ ಜಾಸ್ತಿ; ಒಂದೇ ಕಡೆ ದಪ್ಪಗೆ ಬಿದ್ದರೆ ಅಲ್ಲಿ ಮುಂದೆ ಏನೂ ಹುಟ್ಟುವುದಿಲ್ಲ, ತೆಳ್ಳಗೆ ಹರಡಿದರೆ ಸಜ್ಜೆ ಬೇರೆಯೇ ಬಣ್ಣದಲ್ಲಿ ಏಳುತ್ತದೆ. ಬಿಟ್ಟುಬಂದ ಜಾಗ ಬಿಸಿಲಿಗೆ ಒಣಗುವುದರಿಂದ ಜಂತುಹುಳುವಿನ ಮೊಟ್ಟೆ, ರಕ್ತಭೇದಿಯ ಸೂಕ್ಷ್ಮಾಣು ಸಾಯುತ್ತವೆ. ನಮ್ಮ ಬಿಸಿಲನ್ನು ಬೈಯುವವರಿಗೆ ಈ ಉಪಕಾರವನ್ನೂ ನೆನಪಿಸುತ್ತೇನೆ. ಕುರಿ ಮಂದೆ ನಿಂತು ಹೋದ ಜಾಗಕ್ಕೆ ಮೂರ್ನಾಲ್ಕು ದಿನ ಬಿಟ್ಟು ಗೂಡನ್ನು ಎಳೆದೊಯ್ಯುತ್ತೇನೆ. ಅಷ್ಟರಲ್ಲಿ ಹಿಕ್ಕೆಯಲ್ಲಿ ನೊಣದ ಹುಳುಗಳು ಬಲಿತಿರುತ್ತವೆ. ಕೋಳಿಗಳು ಹಿಕ್ಕೆಯನ್ನು ಕೆದಕಿ ಹುಳು ತಿಂದು, ಗೊಬ್ಬರವನ್ನು ಪುಡಿ ಮಾಡಿ ಹರಡುತ್ತವೆ. ಊರಿಗೆ ನೊಣ ಕಡಿಮೆ.

ವರ್ಷದ ಓಡಾಟ ಹೊಲದ ಕೆಲಸದ ಜೊತೆಗೇ ಸಾಗುತ್ತದೆ. ಮುಂಗಾರಿಗೆ ಮೊದಲು ರಂಟೆ, ಕುಂಟೆ ಹೊಡೆಯುವಾಗ ಕೋಳಿಗಳು ಹಿಂದೆ ಹಿಂದೆಯೇ ನಡೆದು ಮೇಲೆ ಬಿದ್ದ ಗೊಣ್ಣೆಹುಳು, ಮಣ್ಣಿನೊಳಗಿನ ಕೋಶಗಳನ್ನು ಹೆಕ್ಕುತ್ತವೆ. ಶೇಂಗಾಕ್ಕೆ ಗೊಣ್ಣೆಹುಳು ಏನು ಮಾಡುತ್ತದೆ ಎಂಬುದು ಇಲ್ಲಿನ ರೈತರಿಗೆ ಹೇಳಬೇಕಾಗಿಲ್ಲ. ಬಿತ್ತನೆಯ ದಿನದಿಂದ ಪೈರು ಬೇರೂರುವವರೆಗೆ ಮಾತ್ರ ಅವನ್ನು ಬೀಳು ನೆಲದಲ್ಲಿ ಬಲೆ ಕಟ್ಟಿ ಕಾಯಲೇಬೇಕು. ಮೊಳಕೆ ಕೆದಕುತ್ತವೆ ಎಂಬುದು ಒಂದು ಕಾರಣ. ಔಷಧಿ ಲೇಪಿಸಿದ ಬಿತ್ತನೆ ಬೀಜ ತಿಂದರೆ ಸಾಯುತ್ತವೆ ಎಂಬುದು ದೊಡ್ಡ ಕಾರಣ. ಪಕ್ಕದ ದಾಳಿಂಬೆ ತೋಟ, ಹತ್ತಿ ಹೊಲಗಳ ಯಜಮಾನರಿಗೆ ಮೊದಲೇ ಹೇಳಿಟ್ಟಿದ್ದೇನೆ: "ಅಣ್ಣಾ, ಎಣ್ಣೆ (ಕೀಟನಾಶಕ) ಹೊಡೆಯುವ ಹಿಂದಿನ ಸಂಜೆ ಒಂದು ಫೋನ್ ಮಾಡಿ." ಮಾಡುತ್ತಾರೆ. ಆ ದಿನ ಕೋಳಿ ಗೂಡು ಬಿಡುವುದಿಲ್ಲ. ಸಜ್ಜೆ ಎದೆಮಟ್ಟ ಬಂದ ಮೇಲೆ ಸಾಲುಗಳ ನಡುವೆ ಬಿಡುತ್ತೇನೆ, ಮಿಡತೆ ಹಿಡಿಯುವುದರಲ್ಲಿ ಅವುಗಳ ಚುರುಕು ಹೇಳತೀರದು. ಸುಗ್ಗಿ ಬಂದರೆ ಹಕ್ಕಲು. ಶೇಂಗಾ ಕಿತ್ತ ಹೊಲ, ಸಜ್ಜೆಯ ಕಣ, ತೊಗರಿ ಬಡಿದ ಜಾಗ, ಒಂದಾದ ಮೇಲೊಂದು. ಅಕ್ಟೋಬರಿನಿಂದ ಜನವರಿಯವರೆಗೆ ನನ್ನ ಕಾಳಿನ ಖರ್ಚು ಅರ್ಧಕ್ಕೆ ಇಳಿಯುತ್ತದೆ.

ಅರ್ಧಕ್ಕೆ ಇಳಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಬಯಲು ಕೋಳಿಗೆ ಖರ್ಚೇ ಇಲ್ಲ, ತಾನೇ ತಿಂದುಕೊಂಡು ಮೊಟ್ಟೆ ಇಡುತ್ತದೆ ಎಂದು ಹೇಳಿ ಹೊಸಬರನ್ನು ಇದಕ್ಕೆ ಇಳಿಸುವುದು ಅನ್ಯಾಯ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ನೂರರಿಂದ ನೂರಿಪ್ಪತ್ತು ಗ್ರಾಂ ಆಹಾರ ಬೇಕು, ಅದರಲ್ಲಿ ನೂರಕ್ಕೆ ಹದಿನಾರು ಭಾಗವಾದರೂ ಪ್ರೋಟೀನು ಇರಬೇಕು. ನಾನು ಬೆರೆಸುವುದು ಮೆಕ್ಕೆಜೋಳ, ಸಜ್ಜೆ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳ ನುಚ್ಚು ಮತ್ತು ತೌಡು, ಶೇಂಗಾ ಹಿಂಡಿ, ಸೂರ್ಯಕಾಂತಿ ಹಿಂಡಿ, ಸ್ವಲ್ಪ ಒಣಮೀನಿನ ಪುಡಿ, ಸುಣ್ಣಕಲ್ಲು. ಹಿಂಡಿಯನ್ನು ಮುರಿದು, ಮೂಸಿ, ಬೂಷ್ಟು ಕಂಡರೆ ಹಿಂತಿರುಗಿಸುತ್ತೇನೆ. ಶೇಂಗಾ ಹಿಂಡಿ ಮತ್ತು ಮೆಕ್ಕೆಜೋಳದ ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನೇ ಹಾಳುಗೆಡವುತ್ತದೆ. ಮರಿಗಳಿಗೆ ಗೆದ್ದಲು. ಹಳೆಯ ಮಡಕೆಯಲ್ಲಿ ಒಣ ಸಗಣಿ, ಹರಿದ ಗೋಣಿತಾಟು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ಕಡೆ ಸಂಜೆ ಬೋರಲು ಹಾಕಿದರೆ ಬೆಳಗ್ಗೆ ಮಡಕೆಯ ತುಂಬ ಗೆದ್ದಲು. ಅತ್ತೆ ಕಲಿಸಿದ್ದು. ಮರಿಗಳು ಅದಕ್ಕೆ ಮುಗಿಬೀಳುವ ರಭಸಕ್ಕೆ ಯಾವ ಚೀಲದ ಆಹಾರವೂ ಸಮವಲ್ಲ.

ತಳಿಯ ವಿಷಯಕ್ಕೆ ಬಂದರೆ ನನ್ನಲ್ಲಿ ಎರಡೂ ಇವೆ. ಜವಾರಿ ಹೇಂಟೆ ವರ್ಷಕ್ಕೆ ಐವತ್ತು ಅರುವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಹನ್ನೆರಡು, ಹದಿನೈದು ಇಟ್ಟು ಕಾವಿಗೆ ಕೂರುತ್ತದೆ. ಬೀದರ್‌ನ ಪಶು ವಿಶ್ವವಿದ್ಯಾಲಯದ ಸ್ವರ್ಣಧಾರ ತಳಿ 180ರ ಆಸುಪಾಸು ಇಡುತ್ತದೆ, ಬಣ್ಣದಲ್ಲಿ ಜವಾರಿಯಂತೆಯೇ ಕಾಣುತ್ತದೆ, ಆದರೆ ಕಾವಿಗೆ ಕೂರುವ ಗುಣ ಕಡಿಮೆ. ಪಂಜರದ ತಳಿಗಳು 300 ದಾಟುತ್ತವೆ ಎಂಬ ಹೋಲಿಕೆಯನ್ನು ನಾನು ಮಾಡಿಕೊಳ್ಳುವುದಿಲ್ಲ. ಆ ತಳಿಯನ್ನು ನಮ್ಮ ಬಯಲಿಗೆ ಬಿಟ್ಟರೆ ಹದ್ದು ಬಂದಾಗ ಎತ್ತ ಓಡಬೇಕೆಂಬ ಅರಿವೂ ಅದಕ್ಕಿರುವುದಿಲ್ಲ. ಸ್ವರ್ಣಧಾರದ ಮೊಟ್ಟೆಯನ್ನು ಜವಾರಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸುತ್ತೇನೆ. ಬುಟ್ಟಿಯಲ್ಲಿ ಮರಳು, ಮೇಲೆ ಭತ್ತದ ಹುಲ್ಲು, ಹತ್ತು ಹನ್ನೆರಡು ಮೊಟ್ಟೆ. ಸಿಡಿಲಿಗೆ ಮೊಟ್ಟೆ ಕೆಡದಿರಲೆಂದು ಅತ್ತೆ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡುತ್ತಾರೆ. ವಾರಕ್ಕೆ ಮೊಬೈಲ್ ಟಾರ್ಚಿನ ಮೇಲೆ ಹಿಡಿದು ನೋಡಿ ಬರಡು ಮೊಟ್ಟೆ ತೆಗೆಯುತ್ತೇನೆ, 21ನೇ ದಿನಕ್ಕೆ ಮರಿ. ತಾಯಿಯ ಹಿಂದೆ ಬೆಳೆದ ಮರಿ ನೆರಳು, ನೀರು, ಅಪಾಯ ಎಲ್ಲವನ್ನೂ ಅವಳಿಂದಲೇ ಕಲಿಯುತ್ತದೆ.

ಜವಾರಿ ಕೋಳಿಗೆ ರೋಗ ಬರುವುದಿಲ್ಲ ಎಂಬ ಮಾತನ್ನು ಯಾರೂ ನಂಬಬಾರದು. ಕೊಕ್ಕರೆ ರೋಗ (ರಾಣಿಖೇತ್) ಹೊಕ್ಕರೆ ಓಣಿಗೆ ಓಣಿಯೇ ಬರಿದಾಗುತ್ತದೆ. ಹಸಿರು ಭೇದಿ, ಉಸಿರಾಟದ ತೊಂದರೆ, ತಿರುಚಿದ ಕುತ್ತಿಗೆ ಕಾಣುವ ಹೊತ್ತಿಗೆ ಮದ್ದಿಲ್ಲ. ಲಸಿಕೆ ಒಂದೇ ದಾರಿ. ಮೊದಲ ವಾರ ಕಣ್ಣಿಗೆ ಈ ರೋಗದ ಲಸೋಟಾ ಲಸಿಕೆಯ ಹನಿ, ಎರಡನೇ ವಾರ ಗಂಬೋರೋ ಎಂಬ ಇನ್ನೊಂದು ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಲಸೋಟಾ, ಎಂಟನೇ ವಾರ ಚರ್ಮದ ಕೆಳಗೆ ಕೊಕ್ಕರೆ ರೋಗದ್ದೇ ಆರ್‌ಟುಬಿ ಚುಚ್ಚುಮದ್ದು; ನಡುವೆ ಸಿಡುಬಿನದ್ದು. ತೊಡಕು ಇರುವುದು ಲಸಿಕೆಯ ಸೀಸೆಯಲ್ಲಿ. ಅದರಲ್ಲಿ ನೂರಾರು ಹಕ್ಕಿಗೆ ಆಗುವಷ್ಟಿರುತ್ತದೆ. ಹತ್ತು ಕೋಳಿ ಇರುವವರು ಒಂದು ಸೀಸೆ ತಂದು ಏನು ಮಾಡಬೇಕು? ಅದಕ್ಕೆ ನಮ್ಮ ಓಣಿಯ ಹೆಂಗಸರೆಲ್ಲ ಒಂದೇ ದಿನ ಗೊತ್ತು ಮಾಡಿಕೊಳ್ಳುತ್ತೇವೆ. ಪಶು ಆಸ್ಪತ್ರೆಯಿಂದ ಐಸ್ ತುಂಬಿದ ಥರ್ಮಾಸಿನಲ್ಲಿ ತಂದು, ಬಿಸಿಲು ಏರುವ ಮೊದಲೇ ಕಲಸಿ, ಬೇಗ ಬೇಗ ಹಾಕಿ ಮುಗಿಸುತ್ತೇವೆ. ನನ್ನೊಬ್ಬಳ ಕೋಳಿಗೆ ಹಾಕಿ ಪಕ್ಕದ ಮನೆಯದನ್ನು ಬಿಟ್ಟರೆ ನನಗೂ ರಕ್ಷಣೆಯಿಲ್ಲ.

ಹಕ್ಕಿ ಜ್ವರದ ಭಯ ಬಯಲು ಕೋಳಿಗೆ ಇದ್ದೇ ಇದೆ. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಅದು ಕಾಣಿಸಿಕೊಂಡಾಗ ನಮ್ಮ ಕಡೆಯ ಸಂತೆಗಳಲ್ಲಿ ಕೋಳಿ ಕೇಳುವವರೇ ಇರಲಿಲ್ಲ. ತುಂಗಭದ್ರಾ ಹಿನ್ನೀರಿಗೆ, ಅಂಕಸಮುದ್ರದ ಕೆರೆಗೆ ಚಳಿಗಾಲದಲ್ಲಿ ದೂರದ ಬಾತುಗಳು ಬರುತ್ತವೆ. ನೀರುಹಕ್ಕಿಗಳು ಈ ವೈರಸ್ಸನ್ನು ಹೊರಬಲ್ಲವು. ನಮ್ಮ ಕೋಳಿಗಳನ್ನು ಕೆರೆಯ ಕಡೆ ಬಿಡುವುದಿಲ್ಲ, ಕಾಳು ನೀರು ಎರಡೂ ಚಪ್ಪರದ ಕೆಳಗೇ. ಸಂತೆಗೆ ಹೋಗಿ ಮಾರಾಟವಾಗದೆ ಮರಳಿದ ಕೋಳಿಯನ್ನು ಮೂರು ವಾರ ಬೇರೆ ಗೂಡಿನಲ್ಲಿಟ್ಟು ನೋಡಿದ ಮೇಲೆಯೇ ಹಿಂಡಿಗೆ ಸೇರಿಸುವುದು.

ಹದ್ದು, ಮುಂಗುಸಿ, ಕಾಡುಬೆಕ್ಕು, ಬೀದಿನಾಯಿ. ಎಲ್ಲವೂ ಇವೆ. ಮರಿಗಳಿರುವ ಕಡೆ ಮುನಿರಾಬಾದಿನ ಮೀನುಗಾರರಿಂದ ಕೊಂಡ ಹಳೆಯ ಬಲೆಯನ್ನು ಮೇಲೆ ಹರಡಿದ್ದೇನೆ. ಕತ್ತಲಾಗುವ ಮೊದಲು ಗೂಡಿನ ಬಾಗಿಲು ಹಾಕುವುದು ತಪ್ಪಬಾರದು, ಮದುವೆಯಿದ್ದರೂ ಜಾತ್ರೆಯಿದ್ದರೂ.

ಮಾರಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಾರಂ ಮೊಟ್ಟೆಗೆ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನವೂ ದರ ಹೇಳುತ್ತದೆ, ಅದರ ಪಟ್ಟಿಯಲ್ಲಿ ನಮ್ಮ ಹೊಸಪೇಟೆಯೂ ಇದೆ. ನಾನು ಆ ಪಟ್ಟಿಯನ್ನು ನೋಡುವುದಿಲ್ಲ. ಕಾಳಿನ ಖರ್ಚು ಮತ್ತು ದುಡಿಮೆ ಲೆಕ್ಕ ಹಾಕಿ ಬೆಲೆ ಇಡುತ್ತೇನೆ, ಅದು ಫಾರಂ ಮೊಟ್ಟೆಯ ಎರಡರಷ್ಟನ್ನು ಮೀರುತ್ತದೆ. ಕೊಪ್ಪಳ, ಗಿಣಿಗೇರಾ ಕಡೆಯ ಮನೆಗಳವರು ಹೊಲಕ್ಕೇ ಬಂದು ಒಯ್ಯುತ್ತಾರೆ. ಬರುವವರಿಗೆ ಹೇಳುವುದು ಎರಡು ಸಂಗತಿ. ಚಿಪ್ಪು ಕಂದಾಗಿದ್ದರೆ ಜವಾರಿ ಎಂದು ತಿಳಿಯಬೇಡಿ. ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ, ಪಂಜರದಲ್ಲೂ ಕಂದು ಮೊಟ್ಟೆ ಇಡುವ ಕೋಳಿಗಳಿವೆ. ಕೋಳಿ ಎಲ್ಲಿ ಓಡಾಡುತ್ತದೆ ಎಂದು ಕಣ್ಣಾರೆ ನೋಡಿ ಕೊಳ್ಳಿ. ಎರಡನೆಯದು, ಮೊಟ್ಟೆ ತೊಳೆದಿಡಬೇಡಿ; ಚಿಪ್ಪಿನ ಮೇಲಿನ ಸಹಜ ಪೊರೆ ಹೋದರೆ ಬೇಗ ಕೆಡುತ್ತದೆ. ಬೇಸಿಗೆಯಲ್ಲಿ ಮಾರುವ ಮೊಟ್ಟೆಗೆಂದು ಹುಂಜಗಳನ್ನು ಬೇರೆ ಇಡುತ್ತೇನೆ. ನಮ್ಮ ಸೆಕೆಗೆ ಫಲಿತ ಮೊಟ್ಟೆಯೊಳಗೆ ಕಾವಿಲ್ಲದೆಯೇ ಭ್ರೂಣ ಬೆಳೆಯತೊಡಗುತ್ತದೆ, ಒಡೆದಾಗ ರಕ್ತದ ಗೆರೆ ಕಂಡ ಗಿರಾಕಿ ಮತ್ತೆ ಬರುವುದಿಲ್ಲ. ಶ್ರಾವಣದಲ್ಲಿ ಮೊಟ್ಟೆ, ಮಾಂಸ ಎರಡಕ್ಕೂ ಕೇಳಿಕೆ ಇಳಿಯುತ್ತದೆ. ಆ ತಿಂಗಳ ಮೊಟ್ಟೆಯನ್ನು ಕಾವಿಗೆ ಇಡುವುದು ಲೇಸು. ಹುಂಜಗಳು ಯುಗಾದಿಯ ಮರುದಿನದ ಕರಿಗೆ, ಊರ ದೇವಿಯರ ಜಾತ್ರೆಗೆ ತಾವಾಗಿಯೇ ಖರ್ಚಾಗುತ್ತವೆ.

ಹೊಸದಾಗಿ ಶುರು ಮಾಡುವವರು ಯಾವ ತಿಂಗಳು ಮರಿ ತರಬೇಕು ಎಂದು ಕೇಳುತ್ತಾರೆ. ಬೇಸಿಗೆ ಮುಗಿದು ಮೃಗಶಿರ ಮಳೆ ನೆಲ ತಣಿಸಿದ ಮೇಲೆ ತನ್ನಿ. ಮೊದಲ ವಾರ 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿದರೆ ಸಾಕು; ಭತ್ತದ ಹೊಟ್ಟಿನ ಹಾಸು ಒದ್ದೆಯಾಗದಂತೆ ದಿನವೂ ಕೈಯಾಡಿಸಿ, ರಕ್ತಭೇದಿ ಹುಟ್ಟುವುದು ಒದ್ದೆಯಲ್ಲಿ. ಎರಡು ತಿಂಗಳಿಗೆ ಲಸಿಕೆಗಳು ಮುಗಿದು ಬಯಲಿಗೆ ಬಿಡುವ ಹೊತ್ತಿಗೆ ಬದುವಿನಲ್ಲಿ ಹುಲ್ಲಿರುತ್ತದೆ, ನಾಲ್ಕು ತಿಂಗಳಿಗೆ ಹಕ್ಕಲು ಸಿಗುತ್ತದೆ, ಚಳಿ ಕೂಡುವಾಗ ಮೊದಲ ಮೊಟ್ಟೆ ಬರುತ್ತದೆ. ಅಲ್ಲಿಂದ ಬಿಸಿಲು ಏರುವವರೆಗೆ ಮೂರು ತಿಂಗಳು ಸಮಯವಿದೆ. ಚಪ್ಪರ ಹಾಕದಿದ್ದವರು ಅಷ್ಟರೊಳಗೆ ಹಾಕಿಕೊಳ್ಳಲಿ.